ಬಿಟ್ಟುಕೊಡದ ಕಾಲು

ಹೆಬ್ಬೆರಳಲ್ಲಿ ಒತ್ತಿದರೆ ಚೆಂಡು ಒಂಚೂರು ಒಳಕ್ಕೆ ಹೋಗುತ್ತದೆ, ಗಾಳಿ ಕಮ್ಮಿ, ಪರವಾಗಿಲ್ಲ, ಮೆತ್ತಗಿದ್ದರೆ ಮಗುವಿನ ಕಾಲಿಗೆ ಅಂಟಿಕೊಂಡೇ ಬರುತ್ತದೆ, ಹಾಲು ಕರೆದ ಮೇಲಿನ ಕೆಚ್ಚಲೂ ಹೀಗೇ ಅಲ್ಲವಾ, ಅಯ್ಯೋ ಎಂಥ ಹೋಲಿಕೆ, ಮುನಿಲಕ್ಷ್ಮಿಗೆ ತನ್ನಷ್ಟಕ್ಕೇ ನಗು — ಇವತ್ತು ಹಾಲು ಕರೆದದ್ದು ಅತ್ತೆ, ಭಾನುವಾರದ ಹಸುಗಳೆಲ್ಲ ಅತ್ತೆಯ ಪಾಲು, ನೀನ್ ಓಗಮ್ಮಿ, ಮಕ್ಳು ಕಾಯ್ತಿರ್ತವೆ, ಹಸ ನಾನ್ ನೋಡ್ಕಂತೀನಿ, ಅಂತ ಅವರೇ ಬಾಗಿಲವರೆಗೆ ತಳ್ಳಿಕೊಂಡು ಬರುತ್ತಾರೆ, ಅಲ್ಲಮ್ಮಿ ಆ ಮಕ್ಳ ಕೈಲಿ ವಾರವಾರ ಒದೆ ತಿಂದ್ಕೊಂಡು ಬತ್ತೀಯಲ್ಲ ಅದೇನ್ ಖುಷೀನೋ, ಅಂತಲೂ ಅನ್ನುತ್ತಾರೆ, ಖುಷಿಯೇ ಅತ್ತೆ, ಹೇಗೆ ಹೇಳಲಿ, ಬಂಗಾರಪೇಟೆಯ ಕಡೆಯಿಂದ ಬಸ್ಸು, ರಾಬರ್ಟ್‌ಸನ್‌ಪೇಟೆಯಲ್ಲಿ ಇಳಿದು ಆಟೊ, ಆಮೇಲೆ ನಂದಿದುರ್ಗ ಗಣಿಯ ಪಕ್ಕದ ಈ ಕೆಂಪು ಮೈದಾನ, ಬಿಸಿಲಿನ್ನೂ ಗಣಿಯವರ ಲೈನ್ ಮನೆಗಳ ಶೀಟುಗಳ ಮೇಲೇ ಕೂತಿದೆ, ಕೆಳಗಿಳಿದಿಲ್ಲ, ಒಂದು ಮಗು, ಒಂದು ಚೆಂಡು, ಅಡ್ಡಕ್ಕೆ ತಾನೊಬ್ಬಳು, ಹಿಂದೆ ಗೋಲು ಅಂತ ಎರಡು ಇಟ್ಟಿಗೆ. ತನ್ನನ್ನು ದಾಟಿ ಹೋಗುವುದನ್ನು ಕಲಿಸುವುದೇ ತನ್ನ ಕೆಲಸ.

ಬೇರೆ ಮಕ್ಕಳ ಸರದಿ ಮುಗಿಯಿತು, ಭಾನುಪ್ರಿಯ ಎಡಕ್ಕೆ ಹೋಗುವಂತೆ ಹೆಗಲು ಬಾಗಿಸಿ ಬಲಕ್ಕೆ ಹಾರಿಹೋದಳು, ಚಂದನ ನನ್ನ ಕಾಲಿನ ಸಂದಿಯಲ್ಲೇ ಚೆಂಡು ತೂರಿಸಿ ಕೇಕೆ ಹಾಕಿದಳು, ಕಳ್ಳಿ — ಈಗ ಉಳಿದವಳು ಲಿಖಿತ, ಅಣ್ಣನ ಅಂಗಿ ಮೊಣಕಾಲಿನವರೆಗೆ, ಹತ್ತಿರ ಬಂದ ಕೂಡಲೇ ಯಾವಾಗಲೂ ಚೆಂಡನ್ನು ಹಿಂದಕ್ಕೆ ಎಳೆದುಕೊಂಡುಬಿಡುವ ಹುಡುಗಿ, ಕಾಲಿಗೆ ಕಾಲು ತಾಕಿದರೆ ಸಾರಿ ಮಿಸ್ ಅನ್ನುವವಳು, ಮೋಟುಗೋಡೆಯ ಮೇಲೆ ಅವಳ ತಾತ ಕೋದಂಡಪ್ಪ, ತಲೆಗೆ ಟವೆಲ್ಲು, ಪಾಸ್ ಕೊಡಮ್ಮಿ, ಪಾಸ್ ಕೊಡು, ಯಾರ್ಗೆ ತಾತ ಕೊಡ್ಲಿ, ಇಲ್ಲಿ ಯಾರವ್ರೆ, ಮಿಸ್ ಒಬ್ರೇ ತಾನೆ ಇರೋದು, ಅಂತ ಲಿಖಿತ ಮೆಲ್ಲಗೆ ಅಂದಳು, ಮಕ್ಕಳೆಲ್ಲ ಗೊಳ್ಳೆಂದರು. ಹೋದ ಭಾನುವಾರ ಅದೆಂಥ ತಪ್ಪು ಮಾಡಿದೆ, ಪಾಪ ಅನ್ನಿಸಿ, ಒಂದೇ ಸಲ ಅನ್ನಿಸಿ, ಎಡಗಾಲನ್ನು ಸಡಿಲ ಬಿಟ್ಟೆ, ಚೆಂಡು ಪಕ್ಕದಲ್ಲೇ ಹೋಯಿತು, ಗೋಲು ಆಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ಲಿಖಿತ ಮಾತ್ರ ಚೆಂಡನ್ನು ಅಲ್ಲೇ ಬಿಟ್ಟು ಬಂದು ಎದುರಿಗೆ ನಿಂತಳು, ನೀವ್ ಬೇಕಂತ್ಲೇ ಬಿಟ್ರಿ ಮಿಸ್, ಇಲ್ಲಮ್ಮ, ಬಿಟ್ರಿ, ನಂಗ್ ಗೊತ್ತಾಯ್ತು, ಅಂದವಳೇ ಅಳುತ್ತ ತಾತನ ಬಳಿಗೆ ಓಡಿದಳು, ಸಾರಿಯನ್ನೂ ಹೇಳಲಿಲ್ಲ. ಇವತ್ತು ಬಂದ ಕೂಡಲೇ ಕೋದಂಡಪ್ಪ ಪಕ್ಕಕ್ಕೆ ಕರೆದು, ವಾರವೆಲ್ಲ ಸರ್ಯಾಗಿ ಉಣ್ಲಿಲ್ಲಮ್ಮ ಮಗ, ಇವತ್ತೂ ಅತ್ಕೊಂಡ್ ಬಂದ್ರೆ ಸಾಕು ಬಿಟ್ಬುಡಾನ, ಆಟ ಅಂದ್ರೆ ಖುಷಿಯಾಗಿರ್ಬೇಕು ಕಣಮ್ಮ, ಅಂದ, ಅವನು ಹೇಳಿದ್ದೂ ಸರಿಯೇ, ಬಿಟ್ಟರೆ ಅಳು, ಬಿಡದಿದ್ದರೂ ಅಳು, ಇಂಥ ಇಕ್ಕಟ್ಟಿಗೆ ಯಾವ ತರಬೇತಿಯಲ್ಲಿ ಪಾಠ ಇದೆ, ಆದರೂ ಬಿಡಬಾರದು, ಬಿಟ್ಟರೆ ಮತ್ತೆ ಅದೇ ಸುಳ್ಳು, ಆ ಮಗುವಿಗೆ ಸುಳ್ಳು ಗೊತ್ತಾಗುತ್ತದೆ.

ಬಾ ಲಿಖಿತ, ಇವತ್ತು ನಾ ಬಿಡಲ್ಲ, ಅಂದಳು ಮುನಿಲಕ್ಷ್ಮಿ, ನಿಜ್ವಾಗ್ಲೂನಾ ಮಿಸ್, ನಿಜ್ವಾಗ್ಲೂ, ಹುಡುಗಿ ತಲೆಯಾಡಿಸಿದಳು, ಸಮಾಧಾನವಾದವಳ ಹಾಗೆ — ಬಂದಳು, ಮೊದಲ ಸಲ ಚೆಂಡು ಕಿತ್ತುಕೊಂಡೆ, ಎರಡನೆಯ ಸಲವೂ, ಕಾಲು ತಾಕಿತು, ಸಾರಿ ಇಲ್ಲ, ಹಲ್ಲು ಕಚ್ಚಿದ್ದಾಳೆ, ಪಾಸ್ ಕೊಡಮ್ಮಿ, ಸುಮ್ನಿರು ತಾತ ಅಂದಳು ಲಿಖಿತ, ಅವಳ ಬಾಯಿಂದ ಇಷ್ಟು ಗಟ್ಟಿ ದನಿ ಬಂದದ್ದೇ ಮೊದಲು, ಮತ್ತೆ ಬಂದಳು, ಮೊಣಕಾಲು ಬಾಗಿಸಿ ಅಡ್ಡಗಟ್ಟಿದೆ, ಹೆಗಲು ಬಾಗಿಸುತ್ತಾಳೆ, ನಾನೇ ಕಲಿಸಿದ್ದು, ಯಾವ ಕಡೆ ಅಂತ ಗೊತ್ತು, ನನ್ನ ಬಲಕ್ಕೆ, ಬಲಕ್ಕೇ — ಇಲ್ಲ, ನಿಂತುಬಿಟ್ಟಳು, ಅಂಗಾಲನ್ನು ಚೆಂಡಿನ ಮೇಲಿಟ್ಟು ಸುಮ್ಮನೆ ನಿಂತುಬಿಟ್ಟಳು, ಹಗ್ಗ ಎಳೆದರೂ ಬಾರದ ಕರುವಿನ ಹಾಗೆ, ಇದನ್ನು ತಾನು ಕಲಿಸಿಲ್ಲ, ಯಾರೂ ಕಲಿಸಿಲ್ಲ, ಮುನಿಲಕ್ಷ್ಮಿಯ ಭಾರವೆಲ್ಲ ಆಗಲೇ ಬಲಗಾಲಿಗೆ ಹೋಗಿಯಾಗಿದೆ, ವಾಪಸ್ ತರಬೇಕು, ಬರುತ್ತಿಲ್ಲ, ಹಿಮ್ಮಡಿ ಜಾರಿತು, ಕೆಂಪು ಮಣ್ಣಿನ ಮೇಲೆ ದೊಪ್ಪನೆ ಕೂತುಬಿಟ್ಟಳು, ಚೆಂಡು ಪಕ್ಕದಲ್ಲಿ ಹೋಯಿತು, ಹುಡುಗಿ ಹೋದಳು, ನಿಜವಾಗಿಯೂ ಹೋದಳು, ಕೋದಂಡಪ್ಪ ಗೋಡೆಯಿಂದ ಇಳಿದು ಟವೆಲ್ಲು ಬೀಸುತ್ತಿದ್ದಾನೆ, ಓದ್ಲು ಕಣ್ರಲಾ ನನ್ ಮೊಮ್ಮಗ್ಳು, ಓದ್ಲು, ಅಂಗೈ ತರಚಿದೆ, ಉರಿಯುತ್ತಿದೆ, ಉರಿಯಲಿ, ಎಷ್ಟು ಹಿತವಾಗಿದೆ ಹೀಗೆ ಸೋತು ಕೂರುವುದು, ಕಾಲೇಜಿನಲ್ಲಿ ಆಡುವಾಗ ಒಬ್ಬಳು ದಾಟಿದರೂ ಆ ದಿನ ಊಟ ಸೇರುತ್ತಿರಲಿಲ್ಲ, ಅಡ್ಡ ನಿಲ್ಲುವವಳು ಎದುರಾಳಿಯ ಬೆನ್ನು ನೋಡಬಾರದು ಅನ್ನುತ್ತಿದ್ದರು ಆಗಿನ ಕೋಚ್ ಸರ್, ನೋಡಿದೆ ಅಂದ್ರೆ ಮುಗೀತು, ಈಗ ನೋಡುತ್ತಿದ್ದೇನೆ ಸರ್, ತಿರುಗಿ ನೋಡುತ್ತಾಳಾ, ಮಿಸ್ ಬಿಟ್ರಾ ಅಂತ ಕೇಳುತ್ತಾಳಾ, ಇಲ್ಲ, ಕೇಳಬೇಕಾಗಿಯೇ ಇಲ್ಲ, ಗೊತ್ತು ಅವಳಿಗೆ, ಇಟ್ಟಿಗೆಗಳನ್ನೂ ದಾಟಿದಳು, ನಿಲ್ಲುತ್ತಿಲ್ಲ, ಅಣ್ಣನ ಅಂಗಿಯಲ್ಲಿ ಗಾಳಿ ತುಂಬಿಕೊಂಡಿದೆ, ಜಡೆ ಅತ್ತ ಇತ್ತ, ಬೆನ್ನು, ತಿರುಗಿ ನೋಡದ ಬೆನ್ನು, ಬಿಸಿಲಿನೊಳಕ್ಕೆ ಓಡುತ್ತಲೇ ಇರುವ ಆ ಪುಟ್ಟ ಬೆನ್ನು —