ಪಾಚಿ ವಾರ್ಡು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನಾವೆಲ್ಲ ನೋಡಿದ್ದೇವೆ. ಕೂಸು ಹುಟ್ಟಲೆಂದು ಹೊಲಿಗೆ ಯಂತ್ರವನ್ನೇ ಕೋಣೆಯಿಂದ ಹೊರಗೆ ಹಾಕಿದ ಮನೆ ಬಹುಶಃ ಇದೊಂದೇ.

ಯಂತ್ರ ಅತ್ತೆಯದು. ಕೋಣೆಯೂ ಅತ್ತೆಯದೇ. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಆಕೆ, ಪಠ್ಯಪುಸ್ತಕ ಅಚ್ಚುಹಾಕುವ ಮುದ್ರಣಾಲಯದಲ್ಲಿ ಕರಡು ತಿದ್ದುವ ಸೊಸೆಗೆ ಅದನ್ನು ಬಿಟ್ಟುಕೊಟ್ಟದ್ದು ಒಂದು ಷರತ್ತಿನ ಮೇಲೆ.

"ಮೂರು ತಿಂಗಳು. ಅಷ್ಟರಲ್ಲಿ ನಿನ್ನ ಮೀನು ಮರಿ ಹಾಕಿ, ಒಂದಾದ್ರೂ ಉಳಿದು ತೋರಿಸ್ಲಿ. ಇಲ್ಲಾಂದ್ರೆ ಮಷೀನು ಒಳಗೆ, ಮೀನು ಹೊರಗೆ. ಆಮೇಲೆ ಅತ್ತೆ ಹಾಗಂದ್ರು ಹೀಗಂದ್ರು ಅನ್ನಬಾರದು."

ಸೊಸೆ ಹುಟ್ಟಾ ಚಿಂತೆಯವಳು. ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಎಳೆದು ನೋಡುವವಳು. ಅಚ್ಚಿಗೆ ಹೋದ ಪುಸ್ತಕದಲ್ಲಿ ಎಲ್ಲೋ ಒಂದು ಒತ್ತಕ್ಷರ ಬಿಟ್ಟುಹೋಗಿರಬಹುದೆಂದು ತುತ್ತು ಕೈಯಲ್ಲಿ ಹಿಡಿದೇ ಕೂತುಬಿಡುವವಳು. ಮನೆಯಲ್ಲೇ ಸಮುದ್ರದ ಮೀನಿನ ಮರಿ ಮಾಡಿಸುವ ಹುಚ್ಚು ಹಿಡಿದ ಮೇಲೆ, ಅವಳ ಚಿಂತೆಗೆ ಮೊದಲ ಬಾರಿಗೆ ಒಂದು ಮರ್ಯಾದಸ್ಥ ನೌಕರಿ ಸಿಕ್ಕಿತ್ತು. ನೀರಿಗೆ ಉಪ್ಪು ಎಷ್ಟು, ಬಿಸಿ ಎಷ್ಟು, ಗಾಳಿಯ ಗುಳ್ಳೆ ಎಷ್ಟು. ದಿನಕ್ಕೆ ಹತ್ತು ಸಲ ಹೆದರಲು ಹತ್ತು ನ್ಯಾಯವಾದ ಕಾರಣಗಳು. ಈ ಕೋಣೆ ಕೈತಪ್ಪಿದರೆ ಅಷ್ಟೂ ಚಿಂತೆ ಕೆಲಸ ಕಳೆದುಕೊಂಡು ವಾಪಸ್ ಬಾಗಿಲ ಬೀಗದ ಮುಂದೆಯೇ ಬಂದು ನಿಲ್ಲುತ್ತದೆಂದು ಅವಳಿಗೆ ಗೊತ್ತಿತ್ತು.

ಫ್ರಿಜ್ ರಿಪೇರಿ ಮಾಡುವ ಗಂಡ ಕಬ್ಬಿಣದ ಪಟ್ಟಿಗಳಿಂದ ಮೂರಂತಸ್ತಿನ ಸ್ಟ್ಯಾಂಡು ಮಾಡಿಕೊಟ್ಟ. ಮೇಲೆ ದೊಡ್ಡ ತೊಟ್ಟಿ, ನಡುವೆ ಬಾಟಲಿಗಳು, ಕೆಳಗೆ ಮರಿಗಳ ತೊಟ್ಟಿ. ಮೇಲಿನ ತೊಟ್ಟಿಯ ಪೈಪಿನ ಸೇರುವೆ ಆಗಾಗ ಒಂದೊಂದು ಹನಿ ತೊಟ್ಟಿಕ್ಕುತ್ತಿತ್ತು. "ಅದು ತಾನಾಗೇ ಕೂತ್ಕೊಳತ್ತೆ" ಎಂದಿದ್ದ. ಆ ಸ್ಟ್ಯಾಂಡಿನಲ್ಲಿ ತಾನಾಗಿ ಕೂತದ್ದು ತುಕ್ಕು ಮಾತ್ರ.

ದೊಡ್ಡ ತೊಟ್ಟಿಗೆ ಒಂದು ಜೋಡಿ ಕ್ಲೌನ್ ಮೀನು ಬಂತು. ಕಿತ್ತಳೆ ಮೈ, ಬಿಳಿ ಪಟ್ಟಿ. ಅತ್ತೆ ನೋಡಿದವರೇ ಕೋಡಂಗಿ ಮೀನು ಎಂದು ಹೆಸರಿಟ್ಟರು.

"ಇವೆಲ್ಲ ಮೊದಲು ಗಂಡೇ ಅಂತೆ ಅತ್ತೆ. ಜೋಡಿಯಲ್ಲಿ ಯಾವುದು ದೊಡ್ಡದೋ ಅದು ಹೆಣ್ಣಾಗಿಬಿಡತ್ತಂತೆ."

"ಅಂದ್ರೆ ಮನೇಲಿ ಯಾರು ದಪ್ಪ ಇದಾರೋ ಅವರೇ ಹೆಂಡ್ತಿ" ಎಂದು ಅತ್ತೆ ಮಗನ ಹೊಟ್ಟೆಯ ಕಡೆ ನೋಡಿದರು.

"ಅಮ್ಮಾ, ಮೊಟ್ಟೆ ಕಾಯೋದು ಗಂಡೇ ಅಂತೆ. ಅದನ್ನೂ ಕೇಳಿಸ್ಕೊ."

"ಕೇಳಿಸ್ಕೊಂಡೆ. ಅದಕ್ಕೇ ಅದನ್ನ ಮೀನು ಅನ್ನೋದು, ನಿಮ್ಮಪ್ಪ ಅನ್ನಲ್ಲ."

ಮಗುಚಿಟ್ಟ ಮಣ್ಣಿನ ಕುಂಡದ ಮೇಲೆ ಮೀನು ಮೊಟ್ಟೆಯಿಟ್ಟಿತು. ಎಂಟನೆಯ ದಿನ ಮೊಟ್ಟೆಯೊಳಗಿನ ಕಣ್ಣುಗಳು ಬೆಳ್ಳಿಯ ಹಾಗೆ ಹೊಳೆದರೆ ಅಂದು ಕತ್ತಲಾದ ಮೇಲೆ ಮರಿ ಹೊರಬರುತ್ತದೆ. ರಾತ್ರಿಯೆಲ್ಲ ಕಾಯುವುದು ಬೇಡವೆಂದು ಗಂಡ ದೀಪಕ್ಕೆ ಟೈಮರ್ ಕೂಡಿಸಿ, ಮೀನುಗಳ ಪಾಲಿಗೆ ಸಂಜೆ ಐದಕ್ಕೇ ರಾತ್ರಿ ಮಾಡಿದ. ಆದರೂ ಮೊದಲ ಸಲದ ಮರಿಗಳು ತಿನ್ನಲು ಸಾಲದೆ ಸತ್ತವು. ಎರಡನೆಯ ಸಲದವು, ಹುಟ್ಟಿದ ಮೊದಲ ದಿನವೇ ಕಿಟಕಿಯ ಬಿಸಿಲು ನೇರ ಬಿದ್ದು, ಒಂದು ಮೂಲೆಗೆ ನುಗ್ಗಿ ಸತ್ತವು. ಎರಡು ಸಲವೂ ಅತ್ತೆ ನಡುಮನೆಯ ದಾರಿಗೆ ಅಡ್ಡವಾಗಿದ್ದ ಯಂತ್ರಕ್ಕೆ ಎಣ್ಣೆ ಬಿಟ್ಟರು, ಅಷ್ಟೆ.

ಮೂರನೆಯ ಮೊಟ್ಟೆಗಳು ಬಂದಾಗ ಗಡುವಿಗೆ ಉಳಿದದ್ದು ಇಪ್ಪತ್ತೇ ದಿನ. ಈ ಸಲ ಊಟದ ವ್ಯವಸ್ಥೆ ಭದ್ರವಾಗಿತ್ತು. ಮರಿಗಳಿಗೆ ರೋಟಿಫರ್ ಎಂಬ, ಕಣ್ಣಿಗೆ ಧೂಳಿನಂತೆ ಕಾಣುವ ಹುಳ. ಆ ಹುಳಗಳಿಗೆ ಪಾಚಿಯ ಹಸಿರು ನೀರು. ಹುಳ ಒಂದು ಬಿಳಿ ಬಕೆಟ್ಟಿನಲ್ಲಿ, ಹಸಿರು ನೀರು ಆರು ಬಾಟಲಿಗಳಲ್ಲಿ.

"ಜೀವಮಾನವಿಡೀ ನಾನು ಉಜ್ಜಿ ಉಜ್ಜಿ ಓಡಿಸಿದ ಪಾಚಿನ ನೀನು ಕರೆದು ಕೂರಿಸಿ ಸಾಕ್ತಿದೀಯಲ್ಲಮ್ಮ" ಎಂದು ಅತ್ತೆ ಮೂಗು ಮುಚ್ಚಿಕೊಂಡರು.

ಆ ಮೂಗು ನೋಡಿಯೇ ಸೊಸೆಗೆ ಹೊಸ ಹೆದರಿಕೆ ಶುರುವಾಯಿತು. ಕರಡು ತಿದ್ದುವ ಕೆಂಪು ಶಾಯಿಯ ಪೆನ್ನು ತೆಗೆದು, ಬಾಟಲಿಗಳ ಅಂತಸ್ತಿಗೆ ದಪ್ಪಕ್ಷರದಲ್ಲಿ ಒಂದು ಚೀಟಿ ಅಂಟಿಸಿದಳು: ತೊಳೆಯಬೇಡಿ. ಬಕೆಟ್ಟಿಗೆ ಇನ್ನೊಂದು: ಮುಟ್ಟಬೇಡಿ. ಎರಡನ್ನೂ ಎರಡೆರಡು ಸಲ ಓದಿದಳು. ತಪ್ಪಿರಲಿಲ್ಲ.

ಎಂಟನೆಯ ದಿನ ಬೆಳಗ್ಗೆ ಮೊಟ್ಟೆಗಳಲ್ಲಿ ಬೆಳ್ಳಿ ಕಣ್ಣು. ಇಡೀ ದಿನ ಮುದ್ರಣಾಲಯದಲ್ಲಿ ಅವಳಿಗೆ ಪ್ರತಿ ಪೂರ್ಣವಿರಾಮವೂ ಮೊಟ್ಟೆಯಾಗಿ ಕಂಡಿತು. ಆರು ಗಂಟೆಗೆ ಓಡಿ ಬಂದವಳು ಅಡುಗೆಮನೆಯ ಮುಂದೆ ಗಕ್ಕನೆ ನಿಂತಳು. ಆರೂ ಬಾಟಲಿಗಳು ಬಟ್ಟೆಯ ಮೇಲೆ ತಲೆಕೆಳಗಾಗಿ, ಸಾಲಾಗಿ, ಫಳಫಳ ಹೊಳೆಯುತ್ತಿದ್ದವು.

"ಅತ್ತೇ!"

"ಯಾಕಮ್ಮ, ಇನ್ನೂ ವಾಸನೆ ಇದೆಯಾ? ಬಿಸಿನೀರಲ್ಲಿ ಮೂರು ಸಲ ತೊಳೆದೆ."

"ತೊಳೆಯಬೇಡಿ ಅಂತ ಬರೆದಿದ್ನಲ್ಲ!"

"ಎಲ್ಲಿ ಬರೆದಿದೀಯ? ಬಾ ತೋರಿಸ್ತೀನಿ. ನಿನ್ನ ಅಕ್ಷರಾನ ನಿನಗೇ ನಾನು ಓದಿ ಹೇಳ್ಬೇಕಾ?"

ಇಬ್ಬರೂ ಟಾರ್ಚು ಹಿಡಿದು ಮೀನುಗಳ ಕತ್ತಲಿಗೆ ನುಗ್ಗಿದರು. ಮೇಲಿನ ಪೈಪಿನ ಸೇರುವೆಯಿಂದ ಹನಿ ಬಿದ್ದು ಬಿದ್ದು ಚೀಟಿಯ ತುದಿ ತೊಯ್ದಿತ್ತು. ಕೊನೆಯ ಅಕ್ಷರ ಕೆಂಪಗೆ ಕರಗಿ ಕೆಳಗಿಳಿದಿತ್ತು. ಉಳಿದದ್ದು ಇಷ್ಟು: ತೊಳೆಯಬೇ.

"ನೋಡು. 'ಬೇ' ಅಂದ್ಮೇಲೆ 'ಬೇಕು' ತಾನೆ? ತೊಳೆಯೋ ವಿಷಯದಲ್ಲಿ ಈ ಮನೇಲಿ 'ಬೇಡ' ಅಂದವರು ಇದಾರಾ? ಪಾಪ, ಬಾಯಿಬಿಟ್ಟು ಹೇಳೋಕೆ ಸಂಕೋಚಪಟ್ಟು ಬರೆದಿಟ್ಟು ಹೋಗಿದಾಳೆ ಅಂದ್ಕೊಂಡೆ."

ಊರಿನ ಮಕ್ಕಳ ಪುಸ್ತಕಗಳಲ್ಲಿ ಬಿಟ್ಟುಹೋದ ಅಕ್ಷರಗಳನ್ನೆಲ್ಲ ಹುಡುಕಿ ಕೂರಿಸುವವಳ ಮನೆಯಲ್ಲೇ ಒಂದು ಅಕ್ಷರ ಕಾಲುಕಿತ್ತಿತ್ತು. ಅವಳು ನೆಲದ ಮೇಲೆ ಕೂತುಬಿಟ್ಟಳು. ಅದೇ ಹೊತ್ತಿಗೆ ಟಾರ್ಚಿನ ಬೆಳಕಿನ ಅಂಚಿನಲ್ಲಿ ಸಣ್ಣ ಬೆಳ್ಳಿಯ ಚೂರುಗಳು ಮೇಲೇಳತೊಡಗಿದವು. ಹತ್ತು, ಐವತ್ತು, ಇನ್ನೂರು. ಮರಿಗಳು ಬರುತ್ತಿದ್ದವು. ಅವುಗಳ ಊಟದ ಊಟ ಚರಂಡಿ ಸೇರಿ ಎರಡು ಗಂಟೆಯಾಗಿತ್ತು.

"ಹುಳಾನೂ ತೊಳೆದ್ರಾ?" ಎಂದಳು, ಉತ್ತರಕ್ಕೆ ಹೆದರುತ್ತ.

"ಬಕೆಟ್ಟಾ? ಅದಕ್ಕೆ ಗಾಳಿ ಪೈಪು ಹಾಕಿದೀಯಲ್ಲ. ಆಕ್ಸಿಜನ್ ಮೇಲಿರೋ ಪೇಷೆಂಟನ್ನ ನಾನು ಯಾಕೆ ಮುಟ್ಲಿ?"

"ನಾಳೆಗೆ ಅವು ಹಸಿದು ಸಾಯ್ತವೆ ಅತ್ತೆ. ನಾಳಿದ್ದು ಮರಿಗಳು. ಆಮೇಲೆ ನಿಮ್ಮ ಮಷೀನು ಒಳಗೆ ತಂದ್ಕೊಳ್ಳಿ" ಎಂದಳು.

ಅತ್ತೆ ತಾವು ಮಲಗುವ ಕೋಣೆಗೆ ಹೋಗಿ, ಕಿಟಕಿಯಲ್ಲಿ ಮಾತ್ರೆಗಳ ಪಕ್ಕದಲ್ಲಿದ್ದ ಒಂದು ಸಣ್ಣ ಸೀಸೆ ತಂದು ಸೊಸೆಯ ಕೈಯಲ್ಲಿಟ್ಟರು. ಒಳಗೆ ಹಸಿರು ನೀರು. ಹೊರಗೆ ಪೆನ್ಸಿಲಿನಲ್ಲಿ ಬರೆದ ಚೀಟಿ: "ಹಸಿರು ದ್ರವ. ಮಧ್ಯಾಹ್ನ 3.40. ವಾಸನೆ ಇದೆ."

"ಇದೇನು?"

"ಸ್ಯಾಂಪಲ್. ಯಾರದೇ ಆಗ್ಲಿ, ಯಾವುದೇ ಆಗ್ಲಿ, ಸ್ಯಾಂಪಲ್ ತೆಗೆದಿಡದೆ ಚೆಲ್ಲಬಾರದು. ಮೂವತ್ತೊಂದು ವರ್ಷದ ಅಭ್ಯಾಸ. ನಾಳೆ ಡಾಕ್ಟರ್ ಬಂದು ಏನಿತ್ತು ಅಂದ್ರೆ?"

ಸೊಸೆ ಆ ಸೀಸೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಇದರಿಂದ ಮತ್ತೆ ಬೆಳೆಸ್ಬಹುದು. ಆದ್ರೆ ನಾಲ್ಕೈದು ದಿನ ಬೇಕು."

"ಅಲ್ಲೀವರೆಗೆ ಹುಳಕ್ಕೆ ಬೇರೆ ಏನೂ ಸೇರಲ್ವಾ?"

"ಯೀಸ್ಟ್ ಕೊಡ್ಬಹುದು ಅಂತ ಓದಿದೀನಿ. ಜಾಸ್ತಿಯಾದ್ರೆ ನೀರು ಕೆಡತ್ತೆ."

"ಡೋಸ್ ನಾನು ನೋಡ್ಕೋತೀನಿ. ಲೋ!" ಎಂದು ಅತ್ತೆ ಆಗಷ್ಟೇ ಬಾಗಿಲಲ್ಲಿ ಕಾಣಿಸಿಕೊಂಡ ಮಗನನ್ನು ಕೂಗಿದರು. "ಚಪ್ಪಲಿ ಬಿಡಬೇಡ. ಬೇಕರಿಗೆ ಹೋಗಿ ಯೀಸ್ಟ್ ತಗೊಂಡು ಬಾ. ಬಂದು ಆ ಪೈಪು ಸರಿ ಮಾಡು. ತಾನಾಗೇ ಕೂತ್ಕೊಳತ್ತೆ ಅಂದ್ರೆ ನಿನ್ನನ್ನೇ ಅದರ ಕೆಳಗೆ ಕೂರಿಸ್ತೀನಿ."

ಮಾರನೆಯ ದಿನದಿಂದ ಅದು ಕೋಣೆಯಾಗಿ ಉಳಿಯಲಿಲ್ಲ, ವಾರ್ಡಾಯಿತು. ಗೋಡೆಗೆ ಚಾರ್ಟು ಬಂತು. "ಬೆಳಗ್ಗೆ ಆರು: ಹುಳ ಕೊಟ್ಟಿದೆ. ಚುರುಕಾಗಿದ್ದಾರೆ." "ಮಧ್ಯಾಹ್ನ ಎರಡು: ಮೂಲೆಯಲ್ಲಿ ಒಬ್ಬ ಮಂಕು." ಯೀಸ್ಟನ್ನು ಅತ್ತೆ ಹಳೆಯ ಸಿರಿಂಜಿನಲ್ಲಿ ಅಳೆದು ಬಿಟ್ಟರು. ಮರಿಗಳು ದಿನಾ ಒಂದಷ್ಟು ಸತ್ತವು. ಸತ್ತವನ್ನು ಪೆನ್ಸಿಲಿನಲ್ಲೇ ಬರೆದು, ಆ ಹೊತ್ತಿನ ಕಾಫಿ ಕುಡಿಯದೆ ಬಿಟ್ಟರು. ಐದನೆಯ ದಿನ ಬಾಟಲಿಗಳು ತಿಳಿಹಸಿರಾದಾಗ ಮಾತ್ರ, ಯಾರೂ ನೋಡುತ್ತಿಲ್ಲವೆಂದುಕೊಂಡು, ಒಂದನ್ನೆತ್ತಿ ಬೆಳಕಿಗೆ ಹಿಡಿದು ಮಗುವಿನ ಬೆನ್ನು ತಟ್ಟುವಂತೆ ತಟ್ಟಿದರು. ಪಾಚಿಗೆ.

ಹನ್ನೆರಡನೆಯ ದಿನಕ್ಕೆ ಗಡುವು ಮುಗಿಯಿತು. ಇನ್ನೂರರಲ್ಲಿ ಹತ್ತೊಂಬತ್ತು ಉಳಿದಿದ್ದವು. ಬೆಳಗ್ಗೆ ಅತ್ತೆ ಕನ್ನಡಕ ಏರಿಸಿ ಗಾಜಿಗೆ ಮೂಗು ತಾಗಿಸಿದರು.

"ಬಾ ಇಲ್ಲಿ. ಇವನ ತಲೆ ಹಿಂದೆ ಬಿಳಿ ಪಟ್ಟಿ ಬಂದಿದೆ ನೋಡು. ನೀಟಾಗಿ ಬ್ಯಾಂಡೇಜ್ ಕಟ್ಟಿದ ಹಾಗೆ."

ಪಟ್ಟಿ ಬಂದರೆ ಅರ್ಧ ಗೆದ್ದಂತೆ. ಸೊಸೆ ಗಾಳಿಯಲ್ಲಿ ತೇಲಿಕೊಂಡು ಕೆಲಸಕ್ಕೆ ಹೋದಳು. ಬೀಗ ಎಳೆದು ನೋಡಿದ್ದು ಒಂದೇ ಸಲ. ಸಂಜೆ ಬಂದು ನೋಡಿದರೆ, ಗಂಡ ಹೊಲಿಗೆ ಯಂತ್ರವನ್ನು ಅಪ್ಪಿ ಹಿಡಿದು, ಏದುಸಿರು ಬಿಡುತ್ತ, ಮೀನಿನ ಕೋಣೆಯೊಳಗೆ ಹೋಗುತ್ತಿದ್ದ.

"ಅತ್ತೇ, ಹತ್ತೊಂಬತ್ತು ಉಳಿದಿವೆಯಲ್ಲ! ನೀವು ಒಂದು ಅಂದಿದ್ರಿ!"

"ಉಳಿದಿವೆ. ಯಾರು ಇಲ್ಲ ಅಂದ್ರು?" ಒಳಗಿಂದ ದನಿ ಬಂತು. "ವಾರ್ಡ್ ಅಂದ್ಮೇಲೆ ಸಿಸ್ಟರ್ ಕೂರೋಕೆ ಜಾಗ ಬೇಡ್ವಾ? ಆ ಕಿಟಕಿಗೆ ಕಪ್ಪು ಪರದೆ ಹೊಲೀತೀನಿ. ಹೋದ ಸಲ ಬಿಸಿಲು ಬಿದ್ದು ಎಷ್ಟು ಜನ ಹೋದ್ರು, ನೀನು ಲೆಕ್ಕಾನೂ ಬರೆದಿಟ್ಟಿಲ್ಲ."

ಸೊಸೆ ಬಾಗಿಲಿಗೆ ಬಂದಳು. ಅಲ್ಲಿ ಹೊಸ ಚೀಟಿ, ಪೆನ್ಸಿಲಿನ ದುಂಡು ಅಕ್ಷರ: "ಒಳಗೆ ಬರಬೇ". ಕಾಗದ ಸಾಲದೆ ಹೋಯಿತೋ, ಬೇಕೆಂದೇ ಬಿಟ್ಟದ್ದೋ. ಅವಳ ಕೈ ತಾನಾಗಿಯೇ ಪೆನ್ಸಿಲಿಗೆ ಹೋಯಿತು.

"ಅತ್ತೇ, ಇದಕ್ಕೆ ಡಿ ಹಾಕ್ಲೋ, ಕು ಹಾಕ್ಲೋ?"

ಯಂತ್ರ ಟಕಟಕ ಓಡಿ ನಿಂತಿತು.

"ಚಪ್ಪಲಿ ಬಿಟ್ಟು ಕೈ ತೊಳ್ಕೊಂಡು ಬರೋರಿಗೆ ಕು. ಮಿಕ್ಕವರಿಗೆ ಡಿ."

ಕರಡು ತಿದ್ದುವವಳು ಚೀಟಿಯನ್ನು ಇದ್ದ ಹಾಗೆಯೇ ಬಿಟ್ಟಳು. ಆಮೇಲೆ ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಕೈ ತೊಳೆಯಲು ಹೋದಳು.