ಎಂಜಿನ್ನಿನಲ್ಲಿ ಕಾಮಕಸ್ತೂರಿ

ಮದುವೆಯ ದಿನ ಬೆಳಿಗ್ಗೆ ರಾಡಿಸಾವನ ಕಾರು ಅಂಗಳದಿಂದ ಹಿಮ್ಮುಖವಾಗಿ ಸರಿಯುತ್ತಾ ಗೇಟಿನವರೆಗೆ ಬಂದು, ದಮ್ಮು ಹಿಡಿದ ಮುದುಕನ ಹಾಗೆ ಎರಡು ಸಲ ಕೆಮ್ಮಿ ಸತ್ತಿತು.

ರಾಡಿಸಾವ್ ಸ್ಟೇರಿಂಗಿಗೆ ಗುದ್ದಿದ. ಸ್ಟೇರಿಂಗಿಗೆ ಏನೂ ಆಗಲಿಲ್ಲ, ಕೈ ನೋಯಿತು. ಆ ಸಿಟ್ಟನ್ನೂ ಸೇರಿಸಿಕೊಂಡು ಕಾರಿನ ತಾಯಿಯನ್ನು, ಅಜ್ಜಿಯನ್ನು, ಅದನ್ನು ತನಗೆ ಮಾರಿದವನ ಏಳು ತಲೆಮಾರನ್ನು ಬೈದ. ಇಸ್ತ್ರಿಯ ಬಿಳಿ ಅಂಗಿ, ಹೊಸ ಕೋಟು, ಎದೆಯ ಮೇಲೆ ಮದುವೆಗೆ ಹೊರಟವರು ಸಿಕ್ಕಿಸಿಕೊಳ್ಳುವ, ರಿಬ್ಬನ್ ಕಟ್ಟಿದ ರೋಸ್‌ಮರಿ ಕಡ್ಡಿ. ಇಷ್ಟು ಸಿಂಗಾರವಾದ ಮನುಷ್ಯನ ಬಾಯಿಂದ ಅಷ್ಟು ಹೊಲಸು ಮಾತು ಆ ಬೀದಿ ಹಿಂದೆಂದೂ ಕೇಳಿರಲಿಲ್ಲ.

ಹನ್ನೊಂದು ಗಂಟೆಗೆ ಅವನು ಬೆಟ್ಟದಾಚೆಯ ಬ್ರೆಸ್ನಿಟ್ಸಾದಲ್ಲಿ ಇರಬೇಕಿತ್ತು. ಅಲ್ಲಿ ವುಕಾಶಿನ್ ಅನ್ನುವ ಹುಡುಗನ ಮದುವೆ. ರಾಡಿಸಾವ್ ಅವನ ಕೂಮ್. ಕೂಮ್ ಅಂದರೆ ಬಂದು ಉಂಡು ಹೋಗುವ ನೆಂಟನಲ್ಲ. ಅವನು ವರನ ಪಕ್ಕ ನಿಲ್ಲದೆ ಪಾದ್ರಿ ಬಾಯಿ ತೆರೆಯುವುದಿಲ್ಲ, ಅವನ ಕಾರು ಮುಂದೆ ಹೋಗದೆ ದಿಬ್ಬಣ ಹೊರಡುವುದಿಲ್ಲ. ರಾಡಿಸಾವನ ಅಜ್ಜ ಆ ಮನೆತನಕ್ಕೆ ಕೂಮ್ ಆಗಿದ್ದ, ಅಪ್ಪ ಆಗಿದ್ದ, ಈಗ ಇವನು. ಆದರೆ ಕೂಮ್ ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಆ ಜಾಗದಲ್ಲಿ ಇನ್ನೊಬ್ಬ ನಿಲ್ಲುತ್ತಾನೆ. ಒಂದು ಸಲ ನಿಂತವನನ್ನು ಮತ್ತೆ ಕದಲಿಸುವಂತಿಲ್ಲ. ನಿಲ್ಲುವುದಕ್ಕೆ ವರನ ಸೋದರಮಾವ ಸ್ರೆತೆನ್ ತುದಿಗಾಲಲ್ಲಿದ್ದ. ಅವನ ಹತ್ತಿರ ಜರ್ಮನಿಯಲ್ಲಿ ದುಡಿದು ತಂದ ಫಳಫಳ ಹೊಳೆಯುವ ಕಾರಿತ್ತು. ನಾಲಿಗೆ ಅದಕ್ಕಿಂತ ಹರಿತವಾಗಿತ್ತು.

ನಿಶ್ಚಿತಾರ್ಥದ ದಿನವೂ ಈ ಕಾರು ಇದೇ ಗೇಟಿನಲ್ಲಿ ಹೀಗೇ ಸತ್ತಿತ್ತು. ಅವತ್ತು ರಾಡಿಸಾವ್ ಪಕ್ಕದ ಮನೆಯ ತಿಹೋಮಿರನ ಟ್ರ್ಯಾಕ್ಟರಿನಲ್ಲಿ ಹೋಗಿದ್ದ. ಸ್ರೆತೆನ್ ಎಲ್ಲರ ಎದುರಿಗೆ, “ಕೂಮ್ ಬಂದ್ರು ಕಣ್ರೋ! ಗೊಬ್ಬರ ಎಲ್ಲಿ ಇಳಿಸ್ಬೇಕು ಅಂತ ಕೇಳ್ರಿ” ಅಂದಿದ್ದ. ಆಮೇಲೆ ಪೇಟೆಗೆ ಹೋಗಿ ಮದುವೆಯ ಉಂಗುರ ಆರಿಸಬೇಕಾದ ದಿನವೂ ಅದೇ ಗತಿ. ಎರಡು ಸಲವೂ ರಾಡಿಸಾವ್ ಮೆಕ್ಯಾನಿಕ್‌ನನ್ನು ಕರೆಯಲಿಲ್ಲ. ಸ್ವಂತ ಕೈ ಇರುವವನು ಬೇರೆಯವರ ಕೈಗೆ ಯಾಕೆ ಕಾರು ಕೊಡಬೇಕು? ಕಾರ್ಬೊರೇಟರ್ ಬಿಚ್ಚಿ ಅಡಿಗೆಮನೆಯ ಮೇಜಿನ ಮೇಲೆ ಹರಡಿ, ಹೆಂಡತಿಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ್ದ. ಎರಡನೆಯ ಸಲ ಪ್ಲಗ್ಗು ಬದಲಾಯಿಸಿದ್ದ. ಮಧ್ಯಾಹ್ನದ ಹೊತ್ತಿಗೆ ಕಾರು ಗುರ್ ಅಂದಿತ್ತು. ಇವನು ಮೀಸೆ ತಿರುವಿಕೊಂಡು ಬೀದಿಯಲ್ಲಿ ಎರಡು ಸುತ್ತು ಹೊಡೆದಿದ್ದ.

ವಿಚಿತ್ರವೆಂದರೆ ಆ ಕಾರು ಹಿಟ್ಟಿನ ಗಿರಣಿಗೆ ಹೋಗುತ್ತಿತ್ತು, ಹಂದಿಸಂತೆಗೆ ಹೋಗುತ್ತಿತ್ತು, ಕಲ್ಲುದಾರಿಯಲ್ಲಿ ಅತ್ತೆಯ ಮನೆಗೂ ಹೋಗಿಬಂದಿತ್ತು. ಬ್ರೆಸ್ನಿಟ್ಸಾದವರ ಕೆಲಸ ಅಂದರೆ ಮಾತ್ರ ಗೇಟು ದಾಟುತ್ತಿರಲಿಲ್ಲ.

ಬೈಗುಳ ಕೇಳಿ ತಿಹೋಮಿರ್ ಬೇಲಿ ದಾಟಿ ಬಂದ. ಕೈಯಲ್ಲಿ ರಾಕಿಯಾದ, ಅಂದರೆ ಪ್ಲಮ್ ಹಣ್ಣಿನ ಸಾರಾಯಿಯ ಬಾಟಲಿ. ಅದಿಲ್ಲದೆ ಅವನು ಯಾವ ಎಂಜಿನ್ನನ್ನೂ ನೋಡುತ್ತಿರಲಿಲ್ಲ.

“ಏನ್ ನೆರೆಯವನೇ, ಮತ್ತೆ ಮಲಗ್ತಾ?”

“ಬಾಯಿ ಮುಚ್ಕೊಂಡು ಬಾನೆಟ್ ಎತ್ತು.”

“ಟ್ರ್ಯಾಕ್ಟರ್ ತೊಳೆದಿಟ್ಟಿದೀನಪ್ಪ. ಯಾವುದಕ್ಕೂ ಇರ್ಲಿ ಅಂತ.”

“ಟ್ರ್ಯಾಕ್ಟರಿನ ಹೆಸರೆತ್ತಿದ್ರೆ ಈ ಸ್ಪ್ಯಾನರ್ ನಿನ್ನ ತಲೆ ಮೇಲೆ ಆಡುತ್ತೆ!”

ಹೆಂಡತಿ ರುಜಿತ್ಸಾ ಮದುವೆಯ ಕೇಕನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲೇ ಕೂತಿದ್ದಳು. ಕಿಟಕಿಯಿಂದ ತಲೆ ಹೊರಹಾಕಿ ಹೇಳಿದಳು: “ಇಳಿಯೋದಾ, ಇಲ್ಲೇ ಮುದುಕಿ ಆಗೋದಾ? ಹೇಳ್ಬಿಡು. ಕೇಕಿಗೆ ಇರುವೆ ಬರ್ತಿದೆ.”

“ಹಲ್ಲುಜ್ಜೋ ಬ್ರಷ್ ತಂದುಕೊಡು.”

“ಈ ಸಲ ನಿನ್ನದನ್ನೇ ತಗೋ. ಕಳೆದ ಸಲದ ಪೆಟ್ರೋಲ್ ವಾಸನೆ ಇನ್ನೂ ನನ್ನ ಬಾಯಲ್ಲಿದೆ.”

ಬಾನೆಟ್ ಎತ್ತಿದರು. ತಿಹೋಮಿರ್ ಒಂದು ಗುಟುಕು ಕುಡಿದು ಕಾರ್ಬೊರೇಟರ್ ಅಂದ. ಇನ್ನೊಂದು ಗುಟುಕಿಗೆ ಬ್ಯಾಟರಿ ಅಂದ. ಮೂರನೆಯದಕ್ಕೆ, “ಇದು ಮಾಟ ಕಣೋ, ಸ್ರೆತೆನ್‌ನ ಹೆಂಡ್ತಿ ಕಣ್ಣು ನೋಡಿದೀಯಾ?” ಅಂದ. ರಾಡಿಸಾವ್ ಪೆಟ್ರೋಲ್ ಪೈಪು ಕಿತ್ತು ನೋಡಿದ, ಪೆಟ್ರೋಲ್ ಬರುತ್ತಿತ್ತು. ಒಂದು ಪ್ಲಗ್ಗು ಬಿಚ್ಚಿ ವಯರಿಗೆ ಸಿಕ್ಕಿಸಿ, ಅದನ್ನು ಎಂಜಿನ್ನಿಗೆ ತಾಗಿಸಿ ಹಿಡಿದು, ಹೆಂಡತಿಗೆ ಸೆಲ್ಫ್ ಹೊಡೆಯಲು ಹೇಳಿದ. ಅವಳು ಒಂದು ಕೈಯಲ್ಲಿ ಕೇಕು ಹಿಡಿದು ಇನ್ನೊಂದು ಕೈಯಲ್ಲಿ ಕೀ ತಿರುಗಿಸಿದಳು. ಎಂಜಿನ್ ತಿರುಗಿತು, ಪ್ಲಗ್ಗಿನಲ್ಲಿ ಕಿಡಿ ಇಲ್ಲ.

“ಕರೆಂಟಿಲ್ಲ” ಅಂದ ರಾಡಿಸಾವ್. ಎರಡು ತಿಂಗಳಲ್ಲಿ ಅವನು ಆ ಕಾರಿನ ಬಗ್ಗೆ ಹೇಳಿದ ಮೊದಲ ಸರಿಯಾದ ಮಾತು ಅದು.

ಪ್ಲಗ್ಗುಗಳಿಗೆಲ್ಲ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಆ ಕಾರಿನಲ್ಲಿ ಎಂಜಿನ್ನಿನ ಮುಂಭಾಗದಲ್ಲೇ, ಮೂಗಿನ ಹತ್ತಿರವೇ ಇತ್ತು. ಅದಕ್ಕೆ ಅಡ್ಡವಾಗಿ ಒಂದು ಪ್ಲಾಸ್ಟಿಕ್ ಹಲಗೆ ಇರಬೇಕಿತ್ತು. ವಸಂತದಲ್ಲಿ ಕಾರು ವಾಲ್‌ನಟ್ ಮರಕ್ಕೆ ಗುದ್ದಿ ಮುಂದಿನ ಜಾಲರಿ ಪುಡಿಯಾಗಿ ಮೂತಿ ಬಯಲಾದಾಗ, ‘ಇದೊಂದು ದಂಡಪಿಂಡ’ ಎಂದು ರಾಡಿಸಾವ್ ಆ ಹಲಗೆಯನ್ನೂ ಕಿತ್ತು ಕೋಳಿಗೂಡಿಗೆ ಬಾಗಿಲು ಮಾಡಿದ್ದ.

ಡಿಸ್ಟ್ರಿಬ್ಯೂಟರಿನ ಕಪ್ಪು ಮುಚ್ಚಳಕ್ಕೆ ಕೈ ಹಾಕಿದರೆ ಅದು ತೊಟತೊಟ ತೊಟ್ಟಿಕ್ಕುತ್ತಿತ್ತು. ಮಳೆ ಬಂದು ಹದಿನೈದು ದಿನವಾಗಿತ್ತು. ಮುಚ್ಚಳ ತೆಗೆದ. ಒಳಗೂ ನೀರು. ಅದರ ವಯರಿಗೆ ಅಂಟಿಕೊಂಡು ಏನೋ ಹಸಿರು. ಎರಡು ಬೆರಳಲ್ಲಿ ಎತ್ತಿ ಮೂಸಿದ.

ಕಾಮಕಸ್ತೂರಿ ಎಲೆ.

ರಾಡಿಸಾವ್ ನಿಧಾನವಾಗಿ ತಲೆ ಎತ್ತಿದ. ಮನೆಯ ಮೆಟ್ಟಿಲಿನ ಮೇಲೆ ಅವನ ತಾಯಿ ಸ್ತಮೇನಾ ತಲೆಗೆ ಕಪ್ಪು ವಸ್ತ್ರ ಕಟ್ಟಿಕೊಂಡು ನಿಂತಿದ್ದಳು. ಕೈಯಲ್ಲಿ ಖಾಲಿ ತಾಮ್ರದ ಚೊಂಬು. ಚೊಂಬಿನ ಬಾಯಲ್ಲಿ ಕಾಮಕಸ್ತೂರಿಯ ಕಡ್ಡಿ.

“ಅಮ್ಮಾ, ಆ ನೀರು ಎಲ್ಲಿ ಹಾಕ್ದೆ?”

“ಎಲ್ಲಿ ಹಾಕ್ತಾರೋ ಅಲ್ಲೇ. ಶುಭಕಾರ್ಯಕ್ಕೆ ಹೊರಟೋರ ಬೆನ್ನಹಿಂದೆ. ನೀರು ಹರಿದ ಹಾಗೆ ಕೆಲಸ ಆಗ್ಲಿ ಅಂತ.”

“ಇದು ಬೆನ್ನಾ? ಇದು ಕಾರಿನ ಮೂತಿ!”

“ನಂಗೇನ್ ಗೊತ್ತು? ಮನೆ ಬಿಟ್ಟು ಹೋಗೋವಾಗ ಮನೆ ಕಡೆಗೆ ಇರೋದು ಬೆನ್ನು. ನಿಮ್ಮಪ್ಪ ಕುದುರೆಗಾಡೀನ ಯಾವತ್ತೂ ಹಿಂದು ಮುಂದು ಮಾಡಿ ಅಂಗಳದಿಂದ ಹೊರಡಿಸ್ಲಿಲ್ಲ. ನೀನು ಏಡಿ ಥರ ಹಿಂದಕ್ಕೆ ಹೋಗ್ತೀಯ. ಅದು ನನ್ನ ತಪ್ಪಾ?”

“ನಿಶ್ಚಿತಾರ್ಥಕ್ಕೂ ಹಾಕಿದ್ಯಾ?”

“ಹಾಕ್ದೆ ಬಿಡ್ತೀನಾ? ಉಂಗುರಕ್ಕೂ ಹಾಕಿದ್ದೆ. ಹಂದಿಸಂತೆಗೆ ಹಾಕಲ್ಲ, ಅದೇನ್ ಶುಭಕಾರ್ಯನಾ?”

ಹಿಮ್ಮುಖವಾಗಿ ಕಾರು ಬಿಡುವವನು ಹಿಂದೆ ನೋಡುತ್ತಾನೆ. ಮೂರು ಸಲವೂ ರಾಡಿಸಾವ್ ಕತ್ತು ತಿರುಗಿಸಿ ಗೇಟಿನ ಕಂಬ ನೋಡುತ್ತಿದ್ದಾಗ ಅವನ ಹೆತ್ತ ತಾಯಿ ಎಂಜಿನ್ನಿಗೆ ಅಭಿಷೇಕ ಮಾಡುತ್ತಿದ್ದಳು. ಹಿಂದಿನ ಎರಡು ಸಲ ಕಾರು ಗುರ್ ಅಂದದ್ದು ಇವನ ರಿಪೇರಿಯಿಂದಲ್ಲ, ಮಧ್ಯಾಹ್ನದ ಹೊತ್ತಿಗೆ ನೀರು ಆರಿದ್ದರಿಂದ. ರುಜಿತ್ಸಾ ಮುಖ ತಿರುಗಿಸಿಕೊಂಡಿದ್ದಳು, ಹೆಗಲು ಮಾತ್ರ ಅಲುಗುತ್ತಿತ್ತು.

“ನೀನು ನೋಡಿದ್ಯಾ?” ಅಂತ ರಾಡಿಸಾವ್ ಅವಳ ಮೇಲೆ ಹಾರಿದ.

“ಅತ್ತೆ ನೀರು ಹಾಕೋದು ನೋಡಿದೀನಿ. ಕಾರಿಗೆ ನೀರಡಿಕೆ ಆಗಲ್ಲ ಅಂತ ನಂಗೇನ್ ಗೊತ್ತು? ನೀನೇ ದಿನಾ ರೇಡಿಯೇಟರಿಗೆ ಹಾಕ್ತೀಯ.”

ಬೈಯಲು ರಾಡಿಸಾವನ ಬಾಯಿ ತೆರೆಯಿತು. ಆದರೆ ಯಾರನ್ನು ಬೈಯುವುದು? ಕಾರಿನ ತಾಯಿಯನ್ನು ಬೈದಾಗಿತ್ತು, ತನ್ನ ತಾಯಿಯನ್ನು ಬೈಯುವಂತಿಲ್ಲ, ಹಲಗೆ ಕಿತ್ತವನು ತಾನೇ. ಬಾಯಿ ಮುಚ್ಚಿ ತಿಹೋಮಿರನ ಕೈಯಿಂದ ಬಾಟಲಿ ಕಿತ್ತುಕೊಂಡ.

“ಏಯ್, ಗಾಡಿ ಓಡಿಸೋನು ಕುಡೀಬಾರದು!”

“ನಂಗಲ್ವೋ, ಅದಕ್ಕೆ.”

ಇಸ್ತ್ರಿಯ ಅಂಗಿಯ ತುದಿಯಿಂದ ನೀರು ಒರೆಸಿ, ಮುಚ್ಚಳದ ಒಳಗೂ ಹೊರಗೂ ರಾಕಿಯಾ ಸುರಿದು ತೊಳೆದ. ಒಳ್ಳೆಯ ರಾಕಿಯಾ ನೀರನ್ನು ಎತ್ತಿಕೊಂಡು ಗಾಳಿಯಲ್ಲಿ ಆರಿಹೋಗುತ್ತದೆ. ಕೆಟ್ಟದ್ದು ತಲೆನೋವು ತರುತ್ತದೆ. ತಿಹೋಮಿರನದು ಒಳ್ಳೆಯದು. ಹೆಣದ ಬಾಯಿಗೆ ತುಪ್ಪ ಬಿಟ್ಟರೋ ಅನ್ನುವ ಹಾಗೆ ತಿಹೋಮಿರ್ ಆ ದೃಶ್ಯ ನೋಡುತ್ತಾ ನಿಂತಿದ್ದ. ರಾಡಿಸಾವ್ ಬಟ್ಟೆಯಲ್ಲಿ ಕೊನೆಯ ಹನಿಯನ್ನೂ ಒರೆಸಿ, ವಾಸನೆ ಹೋಗುವವರೆಗೆ ಊದಿ, ಮುಚ್ಚಳ, ಪ್ಲಗ್ಗು, ಪೈಪು ಎಲ್ಲ ಮೊದಲಿನ ಹಾಗೆ ಸೇರಿಸಿ ಸೆಲ್ಫ್ ಹೊಡೆದ. ಕಾರು ಗುರ್ ಅಂದಿತು.

ಹತ್ತೂಕಾಲು. ಗೇಟು ತೆರೆದೇ ಇತ್ತು, ಹಾಗೇ ಹಿಂದಕ್ಕೆ ನುಗ್ಗಿ ಹೊರಟುಬಿಡಬಹುದಿತ್ತು. ಆದರೆ ಮುದುಕಿ ಆಗಲೇ ಬಾವಿಕಟ್ಟೆಯ ಕಡೆಗೆ ನಡೆದಿದ್ದಳು.

“ಅಮ್ಮಾ, ಬೇಡ! ಒಂದು ಸಲ ಹಾಕಿದೀಯಲ್ಲ!”

“ಅದು ಲೆಕ್ಕಕ್ಕಿಲ್ಲ ಅಂತ ನೀನೇ ಹೇಳ್ದೆ, ಮೂತಿಗೆ ಬಿತ್ತು ಅಂತ. ನೀರು ಹಾಕ್ದೆ ಕೂಮ್ ಹೊರಟ ಮದುವೆ ಉಳಿದದ್ದು ನಾನು ಕಂಡಿಲ್ಲ.” ಹಾಗೆ ಗದರಿ ಅವಳು ಬಾವಿಗೆ ಕೊಡ ಇಳಿಸಿದಳು. ಗಂಡನನ್ನೂ ಅವಳು ಹೀಗೇ ಕಳಿಸಿದ್ದಳು, ಇದೇ ಅಂಗಳದಿಂದ, ಇದೇ ಮನೆತನದ ಮದುವೆಗೆ.

ರಾಡಿಸಾವ್ ಹಲ್ಲು ಕಚ್ಚಿದ. ಕಾರನ್ನು ಮತ್ತೆ ಅಂಗಳಕ್ಕೆ ತಂದು, ವಾಲ್‌ನಟ್ ಮರ, ಕೋಳಿಗೂಡು, ಸೌದೆರಾಶಿಗಳ ನಡುವೆ ಮುಂದೆ ಹಿಂದೆ ಎಳೆದಾಡಿ, ಮೂತಿ ಗೇಟಿಗೆ ಬರುವಂತೆ ತಿರುಗಿಸಿದ. ತಿಹೋಮಿರ್ ‘ಬಲಕ್ಕೆ, ಬಲಕ್ಕೆ’ ಅಂದ. ಎಡಕ್ಕೆ ಕೈ ತೋರಿಸಿದ. ಒಂದು ಕೋಳಿ ಸ್ವಲ್ಪದರಲ್ಲಿ ಬದುಕಿತು.

“ಈಗ ಹಾಕು!” ಅಂತ ಕಿರುಚಿ ಗೇರ್ ಹಾಕಿದ.

ಸ್ತಮೇನಾ ಈ ಸಲ ಚೊಂಬು ಹಿಡಿದಿರಲಿಲ್ಲ. ಹಾಳಾದ ಮೂರು ಸಲದ್ದನ್ನೂ ಸೇರಿಸಿ, ಕಾಮಕಸ್ತೂರಿ ಹಾಕಿದ ಇಡೀ ಕೊಡ ಎತ್ತಿ ಬೀಸಿದಳು. ಅರ್ಧ ನೀರು ಡಿಕ್ಕಿಗೆ ಬಿತ್ತು. ಇನ್ನರ್ಧ ಇಳಿಸಿಟ್ಟಿದ್ದ ಹಿಂದಿನ ಕಿಟಕಿಯಿಂದ ಒಳಗೆ ಬಂದು ರಾಡಿಸಾವನ ಕತ್ತು, ಕೋಟು, ಬೆನ್ನು ತೋಯಿಸಿತು. ರುಜಿತ್ಸಾ ಕೇಕಿನ ಮೇಲೆ ಕವುಚಿಕೊಂಡಳು. ಕಾರು ಕೆಮ್ಮಲಿಲ್ಲ. ಗೇಟು ದಾಟಿತು.

ಬ್ರೆಸ್ನಿಟ್ಸಾದ ಚರ್ಚಿನ ಅಂಗಳದಲ್ಲಿ ಪಾದ್ರಿ ಗಡಿಯಾರ ನೋಡುತ್ತಿದ್ದ. ಕೂಮ್‌ಗೆ ಮೀಸಲಾದ ಕಸೂತಿಯ ಟವೆಲ್ ಆಗಲೇ ಸ್ರೆತೆನ್‌ನ ಹೆಗಲ ಮೇಲಿತ್ತು. ವುಕಾಶಿನ್ ಪೆಚ್ಚಾಗಿ ದಾರಿ ನೋಡುತ್ತಿದ್ದವನು, ಮೂಗಿಲ್ಲದ ಕಾರು ಕಂಡೊಡನೆ ಓಡಿಬಂದ.

ರಾಡಿಸಾವ್ ಇಳಿದ. ಅಂಗಿಗೆ ಗ್ರೀಸು, ಬೆನ್ನಿಂದ ನೀರು, ಮೈಯೆಲ್ಲ ರಾಕಿಯಾದ ಘಮ.

“ಏನ್ ಕೂಮ್, ಈ ಸಲ ಹೊಳೆ ಈಜಿಕೊಂಡು ಬಂದ್ರಾ?” ಅಂದ ಸ್ರೆತೆನ್.

“ಅಮ್ಮ ನೀರು ಹಾಕಿ ಕಳಿಸಿದ್ಲು” ಅಂದ ರಾಡಿಸಾವ್. ಸ್ರೆತೆನ್‌ನ ಹೆಗಲಿಂದ ಟವೆಲನ್ನು ಎಳೆದು, ಅದರಲ್ಲಿ ತಲೆ, ಕತ್ತು, ಕಂಕುಳು ಚೆನ್ನಾಗಿ ಒರೆಸಿಕೊಂಡು, ತನ್ನ ಹೆಗಲಿಗೆ ಹಾಕಿದ. “ಇನ್ನೂ ಬೇಕಾ ನಿಂಗೆ?”

ಸ್ರೆತೆನ್ ಒಂದು ಹೆಜ್ಜೆ ಹಿಂದೆ ಸರಿದ. ಪಾದ್ರಿ ಕೂಮ್‌ನ ಕಾಲರಿಗೆ ಅಂಟಿದ್ದ ಕಾಮಕಸ್ತೂರಿ ಎಲೆ ನೋಡಿದ, ಶಿಲುಬೆಯ ಗುರುತು ಹಾಕಿಕೊಂಡು ಬಾಗಿಲು ತೆರೆಸಿದ.