ಉಸಿರು ಸಮೇತ ಒಂದು ಪದ

ನಾನು ಒಂದು ಮೈಕು. ಭಾಷಣದ ಮೈಕಲ್ಲ, ಸ್ಟುಡಿಯೋದ್ದು. ನನ್ನ ಹೊಟ್ಟೆಯೊಳಗೆ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಒಂದು ಪೊರೆಯಿದೆ. ಕಾರ್ಖಾನೆಯಲ್ಲಿ ಅದನ್ನು ಬಿಗಿದ ಹೆಂಗಸು ಕೆಲಸ ಮುಗಿಸಿ ನಿಟ್ಟುಸಿರು ಬಿಟ್ಟಳು. ನಾನು ಕೇಳಿದ ಮೊದಲ ಸದ್ದು ಅದು. ಅಂದಿನಿಂದ ಮಾತಿಗಿಂತ ಉಸಿರೇ ನನಗೆ ಹತ್ತಿರ.

ಮೊದಲು ಧಾರವಾಡದ ಕ್ಯಾಸೆಟ್ ಮಾಸ್ತರರೊಬ್ಬರ ಬಳಿ ಇದ್ದೆ. ಒಂದು ಸಾಲು ಮುಗಿದೊಡನೆ ಅವರು ಕೈಯೆತ್ತಿ ಹಾಡುವವರನ್ನು ತಡೆಯುತ್ತಿದ್ದರು. ಆ ಮೌನವೂ ಹಾಡಿನದೇ ಎಂದು ನಂಬಿದ್ದರು. ಅವರು ತೀರಿಕೊಂಡ ಮೇಲೆ ಹುಬ್ಬಳ್ಳಿಯ ದೀಪಕ ಮೆಣಸಿನಕಾಯಿ ನನ್ನನ್ನು ಕೊಂಡುತಂದ. ಸದ್ದು ಹೀರಲೆಂದು ಗೋಡೆಗೆಲ್ಲ ಕೌದಿ ಹೊಡೆದ ಒಂದೇ ಕೋಣೆ ಅವನ ಸ್ಟುಡಿಯೋ.

ದೀಪಕನ ಕಾಲು ಸದಾ ತಾಳ ಹಾಕುತ್ತಿರುತ್ತದೆ. ಏಳೇ ಸೆಕೆಂಡಿನಲ್ಲಿ ಹಾಡು ಹಿಡಿಯದಿದ್ದರೆ ಕೇಳುವವರ ಬೆರಳು ಮುಂದೆ ಸರಿದುಬಿಡುತ್ತದೆ ಎಂಬ ಭಯ ಅವನಿಗೆ. ಹಾಡಿದವರ ಉಸಿರನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಹುಡುಕಿ ಹುಡುಕಿ ಕತ್ತರಿಸುತ್ತಿದ್ದ. ನಾನು ಜೋಪಾನವಾಗಿ ಹಿಡಿದುಕೊಟ್ಟದ್ದು ಹೀಗೆ ಹೋಗುತ್ತಿತ್ತು.

ಅವನ ಟ್ಯೂನಿಗೆ ಮಾತು ಬರೆದು, ಮಾದರಿಗಾಗಿ ಮೊದಲು ಹಾಡುವವಳು ನಳಿನಿ. ಅದನ್ನು ಟ್ರ್ಯಾಕ್ ಎನ್ನುತ್ತಾರೆ. ಆಮೇಲೆ ಹೆಸರಿರುವ ಗಾಯಕಿಯೊಬ್ಬಳು ಬಂದು ಹಾಡುತ್ತಾಳೆ, ಟ್ರ್ಯಾಕ್ ಅಳಿಯುತ್ತದೆ. ಹನ್ನೊಂದು ಹಾಡು ಹಾಗೇ ಅಳಿದಿದ್ದವು. ಹನ್ನೆರಡನೆಯದರಲ್ಲಿ ನಿನ್ನ ದನಿಯೇ ಉಳಿಯುತ್ತದೆ ಎಂದು ದೀಪಕ ಮಾತು ಕೊಟ್ಟಿದ್ದ. ಬಾಯಿಬಿಡದ ಹುಡುಗನನ್ನು ಹುಡುಗಿ ಮಾತಾಡಿಸುವ ಹಾಡು ಅದು; ಪಲ್ಲವಿ ನಿಂತಿದ್ದು ಒಂದೇ ಪದದ ಮೇಲೆ: ಹೇಳು.

ಹಾಡು ಬಿಡುಗಡೆ ಮಾಡುವ ಕಂಪನಿಯವರು ಒಪ್ಪಲಿಲ್ಲ. ಮುಂಬೈಯಿಂದ ಗಾಯಕಿ ಬಂದಳು. ಚಂದದ ದನಿ. ಆದರೆ ಅವಳ ನಾಲಗೆಗೆ ಳ ಒಲಿಯಲಿಲ್ಲ. ಪಲ್ಲವಿಗೆ ಬಂದಾಗಲೆಲ್ಲ ಳ ಹೋಗಿ ಲ ಆಯಿತು. ಇದನ್ನು ಮದುವೆ ಮನೆಯಲ್ಲಿ ಹಾಕಿದರೆ ಜನ ಎಲೆ ಬಿಟ್ಟು ಎದ್ದುಹೋಗುತ್ತಾರೆ ಎಂದು ದೀಪಕ ತಲೆ ಹಿಡಿದುಕೊಂಡ. ಇಪ್ಪತ್ತು ಸಲ ಹಾಡಿ, ಎರಡೂ ಒಂದೇ ಅಲ್ಲವಾ ನಲಿನೀಜೀ ಎಂದು ಹಿಂದಿಯಲ್ಲಿ ಕೇಳಿ, ಅವಳು ವಿಮಾನ ಹಿಡಿದಳು.

ಮರುದಿನ ದೀಪಕ ನಳಿನಿಯ ಮುಖ ನೋಡದೆ, ಆ ಒಂದು ಪದ ಮಾತ್ರ ಹಾಡಿಕೊಡು ಎಂದ. ಗಾಯಕಿಯ ದನಿಯ ನಡುವೆ ಅದನ್ನು ತೇಪೆ ಹಾಕುತ್ತಾನಂತೆ.

ನಳಿನಿ ನನ್ನೆದುರು ಬಂದು ಒಮ್ಮೆ ಉಸಿರೆಳೆದುಕೊಂಡಳು. ಅದನ್ನೂ ನಾನು ಕೇಳಿಸಿಕೊಂಡೆ.

"ಹಾಡ್ತೀನ್ರಿ. ಆದ್ರ ನನ್ನ ಉಸಿರು ಕತ್ತರಿಸಬ್ಯಾಡ್ರಿ."

"ಉಸಿರು ಕೇಳಿದ್ರ ಹಾಡು ಹಳೇದು ಅನಸ್ತದವಾ."

ಅವಳು ಇನ್ನಷ್ಟು ಹತ್ತಿರ ಬಂದಳು. ನನ್ನ ಪೊರೆ ಬೆಚ್ಚಗಾಯಿತು. ಉಸಿರು ಬಿಡುತ್ತಲೇ ಪದವನ್ನು ಶುರುಮಾಡಿ, ಎರಡನ್ನೂ ಬಿಡಿಸಲಾಗದಂತೆ ಹೆಣೆದು ಹಾಡಿದಳು.

ದೀಪಕ ಕತ್ತರಿಸಿ ನೋಡಿದ. ಸ್ಪೀಕರಿನಿಂದ 'ಏಳು' ಎಂದು ಬಂತು. ಚೂರು ಬಿಟ್ಟು ಮತ್ತೆ ಕತ್ತರಿಸಿದ. ಏಳು.

"ಹುಡುಗನ್ನ ಮಾತಾಡ್ಸೂ ಬದ್ಲಿ ಎಬ್ಬಸಾಕ ಹತ್ತೀಯಲ್ಲವಾ."

"ಹ ಅಂದ್ರನ ಉಸಿರ್ರೀ," ಎಂದಳು ನಳಿನಿ. "ಅದನ್ನ ತಗದ್ರ ಮಾತು ಇರೂದಿಲ್ಲ."

ದೀಪಕನ ಕಾಲು ನಿಂತಿತು. ಕತ್ತರಿಸಿದ್ದನ್ನು ಅವನು ಮತ್ತೆ ಜೋಡಿಸಿದ.

ಹಾಡು ಎಲ್ಲೆಡೆ ಹಬ್ಬಿತು. ಹೆಸರು ಗಾಯಕಿಯದು. ನಳಿನಿ ಮತ್ತೆ ಆ ಕೋಣೆಗೆ ಬರಲಿಲ್ಲ.

ಈಗ ನನ್ನ ಪೊರೆಗೆ ತೇವ ಹಿಡಿದಿದೆ. ಸ್ಟ್ಯಾಂಡಿನ ಮೇಲೆ ಹೊಸ ಮೈಕು. ನಾನು ಕಿಟಕಿ ಪಕ್ಕದ ಕಪಾಟಿನಲ್ಲಿ, ತುಂಡು ವೈರುಗಳ ಜೊತೆ. ಕೆಳಗೆ ರಸ್ತೆಯಲ್ಲಿ ಆಟೋಗಳು ಆ ಹಾಡು ಹಾಕಿಕೊಂಡು ಹೋಗುತ್ತವೆ. ಉಳಿದದ್ದು ನನಗೆ ಬೇಡ. ಆ ಒಂದು ಪದಕ್ಕೆ ಕಾಯುತ್ತೇನೆ. ಕೆಲವು ಸಲ ಅದು ಬರುವ ಮೊದಲೇ ಆಟೋ ದಾಟಿಹೋಗುತ್ತದೆ. ಕೆಲವು ಸಲ, ತಿರುವಿನಲ್ಲಿ ಮರೆಯಾಗುವಷ್ಟರಲ್ಲಿ, ಅಷ್ಟೆಲ್ಲ ಗದ್ದಲದ ನಡುವೆ ಅವಳು ಒಮ್ಮೆ ಉಸಿರಾಡುತ್ತಾಳೆ.